ಜೊತೆಗೆಂದು ಹೆಸರು ಕೊಟ್ಟವಳು

ಲತಾಮಣಿಗೆ ಪೋಲೆಂಡಿಗೆ ಹೋಗಬೇಕೆಂಬ ಆಸೆ ಇರಲಿಲ್ಲ. ಆಸೆ ಇದ್ದದ್ದು ನಯನಾಳಿಗೆ.

ಇಬ್ಬರೂ ದೊಡ್ಡಆಲಹಳ್ಳಿಯವರು. ಬೆಳಗಿನ ಬಸ್ಸಿನಲ್ಲಿ ಒಟ್ಟಿಗೆ ಕನಕಪುರಕ್ಕೆ ಹೋಗಿ ಒಂದೇ ಕಾಲೇಜಿನಲ್ಲಿ ಬಿಬಿಎ ಓದುತ್ತಿದ್ದರು. ಅಂತರರಾಷ್ಟ್ರೀಯ ವ್ಯವಹಾರ ಎಂಬ ವಿಷಯವನ್ನು ಲತಾಮಣಿ ತೆಗೆದುಕೊಂಡದ್ದು ಕೂಡ ನಯನಾ ತೆಗೆದುಕೊಂಡಳು ಎಂಬ ಕಾರಣಕ್ಕೆ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಪ್ರಕಟಣೆ ಬಂತು. ಪೋಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ಸೆಮಿಸ್ಟರ್ ಓದಿ ಬರಬಹುದು, ಶುಲ್ಕವಿಲ್ಲ, ಅಲ್ಲಿರುವ ಖರ್ಚಿಗೆ ವಿದ್ಯಾರ್ಥಿವೇತನ ಉಂಟು. ಸೀಟು ಎರಡು. ಐದನೇ ಸೆಮಿಸ್ಟರಿನಲ್ಲಿ ಮಾತ್ರ ಅವಕಾಶ, ಅದು ತಪ್ಪಿದರೆ ಮುಗಿಯಿತು.

ಅಂದೇ ನಯನಾ ಮೊಬೈಲಿನಲ್ಲಿ ಪೋಲೆಂಡಿನ ಗಡಿಯಾರ ಹಾಕಿಕೊಂಡಳು. ಬಸ್ಸಿನಲ್ಲಿ ಅದನ್ನು ತೆಗೆದು ನೋಡುವಳು. "ಅಲ್ಲಿ ಇನ್ನೂ ಮೂರೂವರೆ ಕಣೇ. ಒಬ್ರೂ ಎದ್ದಿಲ್ಲ."

ತೊಡಕಾದದ್ದು ಕಾಲೇಜಿನ ಒಂದು ಕಟ್ಟಳೆ. ಹೆಣ್ಣುಮಗಳೊಬ್ಬಳನ್ನೇ ಹೊರದೇಶಕ್ಕೆ ಕಳಿಸುವುದಿಲ್ಲ, ಜೊತೆಗೆ ಇನ್ನೊಬ್ಬ ಹುಡುಗಿ ಇರಬೇಕು ಎಂದರು ಪ್ರಿನ್ಸಿಪಾಲರು. ನಯನಾ ಸಂಜೆ ಬಸ್ಸಿನಲ್ಲಿ ಲತಾಮಣಿಯ ಬೆನ್ನು ಹತ್ತಿದಳು.

"ನಂಗ್ಯಾಕೆ ಪೋಲೆಂಡು? ಕನಕಪುರಕ್ಕೋಗಿ ಬರೋದ್ರಲ್ಲೇ ಸೊಂಟ ಬಿದ್ದೋಗೈತೆ."

"ನಿನ್ನ ಓದಕ್ಕೆ ಯಾರೇ ಕರೀತಾವ್ರೆ? ನನ್ ಜೊತೆಗೆ ಬಾ ಅಂತಿರೋದು. ರೂಮಲ್ಲಿ ಬಿದ್ಕೊಂಡಿರು."

"ಮುದ್ದೆ ಸಿಕ್ತದಾ?"

"ನಾನೇ ತೊಳಸಿ ಇಕ್ತೀನಿ, ಬಾ."

ಲತಾಮಣಿ ಹೆಸರು ಕೊಟ್ಟಳು. ಅವಳ ತಂದೆ ಬಾಲರಾಜು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು, ಇಬ್ಬರೂ ಒಂದೇ ರೂಮಿನಲ್ಲಿರುವುದಾದರೆ ಸರಿ ಎಂದು ಒಪ್ಪಿದರು. ತಯಾರಿಯೆಲ್ಲ ನಯನಾಳದೇ. ಆಮದು, ರಫ್ತು, ಒಪ್ಪಂದ ಎಂದು ಬಸ್ಸಿನಲ್ಲಿ ಅವಳು ಪಾಠ ಹೇಳುತ್ತಿದ್ದರೆ ಲತಾಮಣಿ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಯಾವಾಗಲೋ ಅವಳಿಗೂ ಹೋಗಿ ನೋಡಬೇಕೆನಿಸತೊಡಗಿತು. ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಆಗ ಕಾಣಲಿಲ್ಲ, ಹೇಗೂ ಇಬ್ಬರೂ ಹೋಗುವವರೇ.

ಜುಲೈನಲ್ಲಿ ಪೋಲೆಂಡಿನಿಂದ ಇಮೇಲ್ ಬಂತು. ಈ ಸಲ ಒಂದೇ ಸೀಟು. ಅಂಕ ನೋಡಿ ಅವರೇ ಆರಿಸಿದ್ದರು. ಬಂದ ಹೆಸರು ಲತಾಮಣಿಯದು.

ಅವಳು ವಾಣಿಜ್ಯ ವಿಭಾಗದ ಮೇಷ್ಟ್ರು ಮುನೇಶ್ ಅವರ ಬಳಿ ಹೋದಳು. "ಸರ್, ನನ್ನೆಸ್ರು ತೆಗೆದಾಕಿ. ನಯನಾನ ಕಳಿಸಿ."

"ಹಂಗಾಗಲ್ಲಮ್ಮ. ನೀನು ಬಿಟ್ರೆ ಸೀಟು ಬೇರೆ ಕಾಲೇಜಿಗೆ ಹೋಗುತ್ತೆ. ಅವಳಿಗೂ ಇಲ್ಲ, ನಿನಗೂ ಇಲ್ಲ."

ಮತ್ತೊಂದು ಅಡ್ಡಿ ಹಾಗೇ ಇತ್ತು. ಒಬ್ಬಳನ್ನೇ ಕಳಿಸಲು ಪ್ರಿನ್ಸಿಪಾಲರು ಒಪ್ಪಲಿಲ್ಲ, ಬಾಲರಾಜು ಅವರಂತೂ ಮಾತೇ ಬೇಡ ಎಂದರು. ಸೀಟು ಹೋಯಿತೆಂದು ಎಲ್ಲರೂ ಕೈಬಿಟ್ಟ ಮೇಲೆ ಓಡಾಡಿದವಳು ನಯನಾ. ಪ್ರಿನ್ಸಿಪಾಲರ ಕೋಣೆಯ ಮುಂದೆ ಅರ್ಧ ದಿನ ನಿಂತು, ಮನೆಯವರು ಒಪ್ಪಿ ಬರೆದುಕೊಟ್ಟರೆ ಕಳಿಸುತ್ತೇವೆ ಎಂಬ ಮಾತು ಹೊರಡಿಸಿದಳು. ಅಲ್ಲಿಂದ ನೇರ ಬಾಲರಾಜು ಅವರ ಜಗಲಿಗೆ ಬಂದಳು.

"ದೊಡ್ಡಪ್ಪ, ಸೀಟು ನಂಗೆ ಬಂದಿದ್ರೆ ನಾನು ಒಬ್ಳೇ ಓಯ್ತಿದ್ದೆ. ಇವ್ಳು ನನಗಿಂತ ಗಟ್ಟಿ. ಕಳಿಸಿ."

"ಭಾಷೆ ಬರದ ಊರಲ್ಲಿ ಒಂಟಿ ಹುಡುಗಿ ಏನ್ ಮಾಡ್ತಾಳವ್ವಾ?"

"ಭಾಷೆ ಬಂದೋರು ನಮ್ಮೂರಲ್ಲಿ ಏನ್ ಮಾಡಿ ಕಡಿದಾಕವ್ರೆ ದೊಡ್ಡಪ್ಪ?"

ಒಳಗಿದ್ದ ಅಜ್ಜಿ ಬೋರಮ್ಮ ನಕ್ಕುಬಿಟ್ಟರು. "ಕಳಿಸ್ಲಾ ಬಾಲ. ಈ ಹುಡ್ಗಿ ಬಾಯಿಗೆ ನೀನು ಜವಾಬು ಕೊಡೋನಲ್ಲ."

ಲತಾಮಣಿ ಬಾಗಿಲ ಹಿಂದೆ ನಿಂತಿದ್ದಳು. ನಿನಗೆ ಹೋಗಲು ಮನಸ್ಸಿದೆಯೇ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ನಯನಾಳ ಎದುರಲ್ಲೇ ಮನಸ್ಸಿದೆ ಎನ್ನಬೇಕಾಗುತ್ತಿತ್ತು. ಕೇಳದಿದ್ದುದೇ ಅವಳಿಗೆ ಸಮಾಧಾನವಾಯಿತು.

ಹೊರಡುವ ಹಿಂದಿನ ದಿನ ನಯನಾ ಫೋನ್ ಮಾಡಿದಳು. "ಏರ್‌ಪೋರ್ಟಿಗೆ ಬರಕ್ಕಾಗಲ್ಲ ಕಣೇ. ಮನೇಲಿ ಹುಳ ಜ್ವರಕ್ಕೆ ಕುಂತವೆ."

ರೇಷ್ಮೆಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನಯನಾಳ ತಾಯಿ ಚಿನ್ನಮ್ಮ ಗೂಡನ್ನೆಲ್ಲ ರಾಮನಗರದ ಮಾರುಕಟ್ಟೆಗೆ ಹಾಕಿ ವಾರವಾಗಿತ್ತು. ಹುಳುಮನೆ ತೊಳೆದು ಬಾಗಿಲು ತೆರೆದಿಟ್ಟಿದ್ದನ್ನು ಲತಾಮಣಿ ಬೆಳಿಗ್ಗೆಯಷ್ಟೇ ನೋಡಿದ್ದಳು.

"ಸರಿ, ಹುಳ ನೋಡ್ಕೊ" ಎಂದಳು.

ಅವಳು ಹೋದ ಊರು ಒಂದು ಕಾಲಕ್ಕೆ ಬಟ್ಟೆ ಗಿರಣಿಗಳದು. ಕೆಂಪು ಇಟ್ಟಿಗೆಯ ಗಿರಣಿಗಳು ಈಗ ಅಂಗಡಿ ಸಾಲುಗಳಾಗಿವೆ. ಪಾಠ ಇಂಗ್ಲಿಷಿನಲ್ಲಿ, ಕಷ್ಟವಿರಲಿಲ್ಲ. ರೂಮಿನಲ್ಲಿದ್ದ ಪೋರ್ಚುಗಲ್ಲಿನ ಹುಡುಗಿ ಒಳ್ಳೆಯವಳು, ಆದರೆ ರೂಮಿನಲ್ಲಿ ಇರುತ್ತಿದ್ದುದು ಕಡಿಮೆ. ಕಷ್ಟವಾದದ್ದು ಬೇರೆ. ಯಾವ ಟ್ರಾಮ್ ಹತ್ತಬೇಕು, ಯಾವ ಬ್ರೆಡ್ ಕೊಳ್ಳಬೇಕು ಎನ್ನುವಾಗಲೆಲ್ಲ ಲತಾಮಣಿಯ ಮುಖ ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಮೊದಮೊದಲು ನಯನಾಳಿಗೆ ಫೋಟೋ ಕಳಿಸಿದಳು: ತರಗತಿ, ಗಿರಣಿ, ಮೊದಲ ಹಿಮ. ಪ್ರತಿ ಸಲವೂ ಹೆಬ್ಬೆರಳಿನ ಚಿತ್ರವೊಂದು ಬರುತ್ತಿತ್ತು. ನವೆಂಬರಿನಲ್ಲಿ ಕಳಿಸುವುದನ್ನು ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಎಂದು ಆ ಕಡೆಯಿಂದ ಕೇಳಲಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಕತ್ತಲಾಗುತ್ತಿತ್ತು. ಭಾನುವಾರ ಅವಳು ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದರಲ್ಲೇ ವಾಪಸ್ ಬರುವಳು. ಟ್ರಾಮಿನಲ್ಲಾದರೆ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆಂಬುದಷ್ಟೇ ಕಾರಣ.

ಫೆಬ್ರವರಿಯಲ್ಲಿ ಒಳ್ಳೆಯ ಅಂಕಗಳೊಂದಿಗೆ ಬಂದಳು. ಕಾಲೇಜಿನಲ್ಲಿ ಶಾಲು ಹೊದಿಸಿದರು. ನಯನಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ, ಸಿಕ್ಕ ಮೊದಲ ಬಸ್ಸಿಗೆ ಹೊರಟುಹೋದಳು. ಬೆಳಗಿನ ಬಸ್ಸಿನಲ್ಲಿ ಅವಳ ಪಕ್ಕ ಈಗ ಬೇರೆ ಹುಡುಗಿ ಕೂರುತ್ತಿದ್ದಳು. ಎದುರಾದರೆ ಊಟ ಆಯ್ತಾ ಎನ್ನುವಷ್ಟು ಮಾತು ಉಳಿದಿತ್ತು.

ಮಾರ್ಚಿನ ಒಂದು ಭಾನುವಾರ ಚಿನ್ನಮ್ಮನ ಮನೆಯಲ್ಲಿ ಹುಳು ಹಣ್ಣಾದವು, ಎಂದರೆ ಸೊಪ್ಪು ತಿನ್ನುವುದು ಮುಗಿಸಿ ನೂಲು ಬಿಡಲು ಸಿದ್ಧವಾದವು. ಹಣ್ಣಾದ ಹುಳು ಕಾಯುವುದಿಲ್ಲ, ಬೇಗ ಬೇಗ ಆಯ್ದು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅದಕ್ಕೆ ಬೀದಿಯವರನ್ನು ಕರೆಯುವ ಪದ್ಧತಿಯಿಲ್ಲ. ಸುದ್ದಿ ಕಿವಿಗೆ ಬಿದ್ದವರು ಬರುತ್ತಾರೆ. ಲತಾಮಣಿ ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆದು ಒಳಗೆ ಹೋದಳು.

"ಬಾರವ್ವ ಪೋಲೆಂಡಮ್ಮ" ಎಂದರು ಚಿನ್ನಮ್ಮ. "ಕೈಗೆ ಕ್ರೀಮು ಗೀಮು ಬಳಕೊಂಡಿದ್ದೀಯಾ? ಹುಳ ಸತ್ತೋದಾವು."

"ಇಲ್ಲ ಚಿಕ್ಕಮ್ಮ."

ಖಾಲಿ ಇದ್ದ ಜಾಗ ನಯನಾಳ ಎದುರಿನದು. ಇಬ್ಬರೂ ಒಂದೇ ತಟ್ಟೆಯಿಂದ ಆಯತೊಡಗಿದರು. ಅರ್ಧ ತಟ್ಟೆ ಖಾಲಿಯಾದ ಮೇಲೆ ನಯನಾ ತಲೆ ಎತ್ತದೆ ಹೇಳಿದಳು.

"ನೀನು ಹೊರಟ ದಿನ ನಮ್ಮನೇಲಿ ಹುಳ ಇರ್ಲಿಲ್ಲ."

"ಗೊತ್ತು."

"ಗೊತ್ತಿದ್ದೂ ಕೇಳ್ಲಿಲ್ಲ."

"ಕೇಳಿದ್ರೆ ನೀನು ಬತ್ತಿದ್ದೆ. ನನ್ ಮುಖ ನೋಡಿದ್ರೆ ನಿಂಗೆ ಗೊತ್ತಾಗ್ಬುಡೋದು. ನಂಗೂ ಓಗೋ ಆಸೆ ಬಂದ್ಬುಟ್ಟಿತ್ತು."

ನಯನಾಳ ಬೆರಳ ನಡುವಿನ ಹುಳು ತಲೆ ಎತ್ತಿ ಅತ್ತಿತ್ತ ಹುಡುಕುತ್ತಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟು ಕೇಳಿದಳು, "ಹೆಂಗಿತ್ತು ಅಲ್ಲಿ?"

"ಒಬ್ರೂ ಇರ್ಲಿಲ್ಲ."

"ನಾನಿದ್ದಿದ್ರೆ?"

"ನೀನಿದ್ದಿದ್ರೆ ರೂಮಲ್ಲಿ ಬಿದ್ಕೊಂಡಿರ್ತಿದ್ದೆ."

ನಯನಾ ನಗಲಿಲ್ಲ. ಮುಂದಿನ ತಟ್ಟೆಯನ್ನು ಎಳೆದುಕೊಂಡಳು.

ಮರುದಿನ ಬೆಳಗಿನ ಬಸ್ಸು ತುಂಬಿತ್ತು. ನಯನಾಳ ಪಕ್ಕ ಎಂದಿನಂತೆ ಆ ಹುಡುಗಿ ಕೂತಿದ್ದಳು. ಲತಾಮಣಿ ಅದೇ ಸೀಟಿನ ಬಳಿ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ನಯನಾ ಕಿಟಕಿಯಾಚೆ ನೋಡುತ್ತಲೇ ಕೈ ಚಾಚಿ ಅವಳ ಬ್ಯಾಗನ್ನು ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕನಕಪುರ ಬರುವವರೆಗೂ ಅದು ಅಲ್ಲೇ ಇತ್ತು.