ದೊಡ್ಡವ್ವ ಹಾಕದ ಓಟು

ದೊಡ್ಡವ್ವ, ಆ ದಿನ ನೀನು ಒತ್ತಿದ್ದು ನೀನು ಬಯಸಿದ ಗುಂಡಿಯಲ್ಲ. ನಿನ್ನ ಬೆರಳು ಹಿಡಿದು ಬೇರೊಂದರ ಮೇಲೆ ಇಟ್ಟವಳು ನಾನು. ಕೈತಪ್ಪಿ ಆದದ್ದಲ್ಲ — ತಿಳಿದೇ ಮಾಡಿದೆ.

ನೀನು ತೀರಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬದುಕಿದ್ದಾಗ ಹೇಳುವ ಧೈರ್ಯ ಬರಲಿಲ್ಲ.

ಅಮ್ಮ ಸತ್ತಾಗ ಅವಳ ಅಕ್ಕನಾದ ನೀನು ನನ್ನನ್ನು ಯಲ್ಲದಕೆರೆಗೆ ಕರೆತಂದು ಸಾಕಿದೆ. ಕುರಿ ಹಿಂದೆ ಹೋಗುವಾಗಲೂ ನನ್ನ ಕೈ ಬಿಡುತ್ತಿರಲಿಲ್ಲ. ಮುಂದೆ ನಿನ್ನ ಕಣ್ಣು ಪೂರ್ತಿ ಹೋದಾಗ, ಅದೇ ಊರಿಗೆ ಸೊಸೆಯಾಗಿದ್ದ ನಾನು ನಿನ್ನ ಕೈ ಹಿಡಿದು ನಡೆಸತೊಡಗಿದೆ. ನಾನು ಎಲ್ಲಿ ಕಾಲಿಡು ಎಂದರೆ ನೀನು ಅಲ್ಲಿ ಇಡುತ್ತಿದ್ದೆ. ಅಷ್ಟು ನಂಬಿಕೆ.

ನಮ್ಮ ಮನೆತನದ ಓಟೆಲ್ಲ ಮೊದಲಿನಿಂದಲೂ ಒಂದೇ ಪಕ್ಷಕ್ಕೆ. ನನ್ನ ಗಂಡ ಆ ಪಕ್ಷದ ಬೂತ್ ಏಜೆಂಟ್. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ, ನಿನ್ನನ್ನು ಕೇಳದೆಯೇ, ನಮ್ಮವರು ಎಂದು ಗುರುತು ಹಾಕಿಟ್ಟಿದ್ದರು. ಆ ಸಲದ ವಿಧಾನಸಭಾ ಚುನಾವಣೆಗೆ ಎದುರು ಪಕ್ಷದಿಂದ ನಿಂತಿದ್ದ ಹೆಂಗಸೊಬ್ಬಳು ನಿನ್ನ ಜಗಲಿಯ ಮೇಲೆ ಕುಳಿತು, ಕುರಿ ಮೇಯುವ ಜಾಗಕ್ಕೆ ತಂತಿಬೇಲಿ ಬಿದ್ದದ್ದನ್ನು ನಿನ್ನ ಬಾಯಿಂದಲೇ ಕೇಳಿಕೊಂಡು ಹೋದಳು. ಆವತ್ತೇ ನೀನು ತೀರ್ಮಾನ ಮಾಡಿದೆ.

"ನಮ್ಮೋರು ಕುರಿ ಎಣಿಸ್ದಂಗೆ ನನ್ನ ಎಣಿಸ್ಕಂತಾರೆ ಕಣೇ ರತ್ನಿ. ನಿಂಗೇನು ಬೇಕವ್ವ ಅಂತ ಒಬ್ರೂ ಕೇಳಿಲ್ಲ. ಆಯಮ್ಮ ಕೇಳಿದ್ಲು. ಈ ಸಲ ನನ್ನ ಓಟು ಆಯಮ್ಮಂಗೆ."

ಗಂಡನಿಗೆ ಹೇಳಿದೆ. "ದೊಡ್ಡವ್ವನೇ ಆ ಕಡೆ ಹೋದ್ರೆ ನಾನು ಊರಾಗೆ ಹೆಂಗೆ ತಲೆ ಎತ್ಲಿ?" ಅಷ್ಟೇ ಅಂದರು. ಒತ್ತಾಯ ಮಾಡಲಿಲ್ಲ, ಅವರ ಮೇಲೆ ಹಾಕಿ ನಾನು ಪಾರಾಗಲಾರೆ. ನನಗೇ ಅನ್ನಿಸಿತ್ತು — ಕಣ್ಣಿಲ್ಲದ ಮುದುಕಿ, ಒಂದು ಒಳ್ಳೆ ಮಾತಿಗೆ ಮರುಳಾಗಿದ್ದಾಳೆ, ಇವಳಿಗೇನು ತಿಳಿದೀತು ಎಂದು. ನನ್ನನ್ನು ಸಾಕಿದವಳ ಬಗ್ಗೆ ಹಾಗೆ ಅಂದುಕೊಂಡೆನಲ್ಲ...

ಬೂತ್ ಇದ್ದದ್ದು ಊರ ಶಾಲೆಯಲ್ಲಿ. ಕಣ್ಣು ಕಾಣದವರ ಜೊತೆಗೆ ಹೋಗುವವರು ಒಂದು ಫಾರಂಗೆ ಸಹಿ ಹಾಕಬೇಕು, ಅವರ ಮತದ ಗುಟ್ಟು ಕಾಪಾಡುತ್ತೇನೆ ಎಂದು. ಹಾಕಿದೆ. ಗುಟ್ಟನ್ನಂತೂ ಕಾಪಾಡಿದೆ.

ರಟ್ಟಿನ ಮರೆಯ ಹಿಂದೆ ನೀನು ಪಿಸುಗುಟ್ಟಿದೆ: "ಬೆಳ್ಳು ಇಟ್ಕೊಡು ಸಾಕು. ಒತ್ತೋದು ನಾನೇ."

ನಿನ್ನ ಬೆರಳು ತಣ್ಣಗಿತ್ತು. ಅದನ್ನು ನಮ್ಮ ಹಳೆಯ ಪಕ್ಷದ ಗುರುತಿನ ಪಕ್ಕದ ಗುಂಡಿಯ ಮೇಲೆ ಇಟ್ಟೆ.

"ಇದೇನೇ?"

"ಹ್ಞೂಂ. ಇದೇ ದೊಡ್ಡವ್ವ."

ನೀನು ಒತ್ತಿದೆ. ಯಂತ್ರ ಕೂಗಿತು. ಗಾಜಿನ ಹಿಂದೆ ಚೀಟಿ ಕಾಣಿಸಿಕೊಂಡು ಕೆಳಗೆ ಬಿತ್ತು — ನೋಡಿದವಳು ನಾನೊಬ್ಬಳೇ. ನಿನ್ನ ಮುಖ ನೋಡಲು ಆಗಲಿಲ್ಲ. ಹೊರಗೆ ಬಂದ ಮೇಲೆ ನೀನು ನನ್ನ ಕೆನ್ನೆ ಸವರಿ, "ಈವತ್ತು ನನ್ನ ಓಟು ನಂದಾತು ಕಣೇ" ಅಂದೆ.

ಆ ಹೆಂಗಸು ಸೋತಳು. ಅವಳ ಕಡೆಯವರು ನಾಲ್ಕು ಜನ ನಿನ್ನ ಜಗಲಿಗೆ ಬಂದು, ಇದೆಲ್ಲ ಮಷೀನಿನ ಮೋಸ, ನಾವು ಹಾಕಿದ್ದು ನಮಗೆ ಬಿದ್ದಿಲ್ಲ ಎಂದು ಕೂಗಾಡಿದರು. ನಾನು ಬಾಗಿಲಲ್ಲಿ ರಾಗಿ ಕೇರುತ್ತಿದ್ದೆ. ನೀನು ಅವರನ್ನು ತಡೆದೆ.

"ಸುಮ್ನೆ ಮಷೀನಿನ್ಮೇಲೆ ಯಾಕೆ ಹಾಕ್ತೀರಪ್ಪ? ನಾನೇ ಒತ್ತೀನಿ, ಸದ್ದು ಕೇಳೀನಿ. ಸೋತೋರ ಲೆಕ್ಕದಾಗೆ ನಂದೂ ಒಂದು ಐತೆ. ಮುಂದ್ಲ ಸಲ ನೋಡಾಣ ಬಿಡ್ರಿ."

ಅವರು ಹೊರಟುಹೋದರು. ನಾನು ಎದ್ದು ಬಂದು ನಿನ್ನ ಕಾಲು ಹಿಡಿಯಬಹುದಿತ್ತು. ಮೊರ ಹಿಡಿದು ಕೂತೆ.

ಮುಂದಿನ ಸಲದ ಹೊತ್ತಿಗೆ ನೀನಿರಲಿಲ್ಲ. ಶಾಲೆಯ ಸಾಲಿನಲ್ಲಿ ಒಬ್ಬಳೇ ನಿಂತಿದ್ದಾಗ ನನ್ನ ಎಡಗೈ ತಾನೇ ಪಕ್ಕಕ್ಕೆ ಚಾಚಿಕೊಂಡಿತು, ನಿನ್ನನ್ನು ಹುಡುಕಿ. ಆ ಕ್ಷಣ... ನಿನ್ನನ್ನು ಇನ್ನೊಂದು ಸಲ, ಒಂದೇ ಒಂದು ಸಲ, ಆ ಮರೆಯ ಹಿಂದಕ್ಕೆ ಕರೆದೊಯ್ಯುವಂತಿದ್ದರೆ!

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ನಮ್ಮ ಪಕ್ಷಕ್ಕೇ ಹಾಕಲು ನಾನು ನಿನ್ನನ್ನು ಒಪ್ಪಿಸಿರಬೇಕು ಎಂದೇ ಅವರು ಅಲ್ಲಿಯವರೆಗೂ ತಿಳಿದಿದ್ದರು. ಕೇಳಿ ಮುಗಿದ ಮೇಲೆ, "ಹೋಗ್ಲಿ ಬಿಡು, ಒಂದು ಓಟು ತಾನೆ," ಅಂದರು.

ಒಂದೇ. ನಿನಗಿದ್ದದ್ದೂ ಒಂದೇ.

ಜಗಲಿಗೆ ಬಂದಿದ್ದ ಆ ನಾಲ್ವರ ಮನೆಗೂ ನಾಳೆ ಹೋಗಿ ನಡೆದದ್ದನ್ನು ಹೇಳುತ್ತೇನೆ. ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ. ಆದರೆ ನನಗೆ ಬೇಕಾಗಿರುವುದು ನಿನ್ನ ಬೈಗುಳ, ದೊಡ್ಡವ್ವ — ಅದನ್ನು ಇನ್ನು ಯಾರ ಬಾಯಿಂದ ಕೇಳಲಿ?