ಕಾಲೋನಿ ಆರ್ಟ್ಸ್

ಮೊನ್ನೆ ನಮ್ಮ ಹೊಸ ಮನೆಯ ಗೇಟಿಗೆ ಬಣ್ಣ ಬಳಿಯಲು ಬಂದವನು ಟರ್ಪೆಂಟೈನ್ ಡಬ್ಬದ ಮುಚ್ಚಳ ತೆಗೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಬಳ್ಳಾಪುರ ಬಿಟ್ಟು ಜಂಗಮಕೋಟೆ ಕಡೆಯ ನಮ್ಮೂರಿನಲ್ಲಿದ್ದೆ. ಪಕ್ಕದ ಮನೆಯ ಮಾಮನ ಅಂಗಿಯಿಂದ, ಅವನು ತಂದುಕೊಡುತ್ತಿದ್ದ ಕಡಲೆಮಿಠಾಯಿಯ ಪೊಟ್ಟಣದಿಂದ ಕೂಡ ಇದೇ ವಾಸನೆ ಬರುತ್ತಿತ್ತು. ಸ್ವಂತ ಮಾಮನೇನಲ್ಲ. ಇಡೀ ಬೀದಿಯ ಮಕ್ಕಳಿಗೆಲ್ಲ ಅವನು ಮಾಮನೇ.

ಬೋರ್ಡ್ ಬರೆಯುವುದು ಅವನ ಕಸುಬು. ಶಿಡ್ಲಘಟ್ಟದ ರೇಷ್ಮೆ ನೂಲಿನ ಅಂಗಡಿ, ಚಿಂತಾಮಣಿಯ ಟೊಮೆಟೊ ಮಂಡಿ, ಪೆರೇಸಂದ್ರದ ಪಂಕ್ಚರ್ ಶಾಪು... ಎಲ್ಲ ಕಡೆ ಅವನ ಅಕ್ಷರ. ಬೋರ್ಡ್ ಬರೆಯುವವರಲ್ಲಿ ಒಂದು ಪದ್ಧತಿಯಿತ್ತು. ಬಲಗಡೆಯ ಕೆಳಮೂಲೆಯಲ್ಲಿ ಚಿಕ್ಕದಾಗಿ ತಮ್ಮ ಗುರುತು ಹಾಕುತ್ತಿದ್ದರು. ದೇವರ ಹೆಸರೋ ಮಗಳ ಹೆಸರೋ, ಅದರ ಮುಂದೆ ‘ಆರ್ಟ್ಸ್’. ಮಾಮ ಹಾಕುತ್ತಿದ್ದದ್ದು ‘ಕಾಲೋನಿ ಆರ್ಟ್ಸ್’.

ನಮ್ಮ ಕಡೆ ಕಾಲೋನಿ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನನಗೇನು ನಾಚಿಕೆ? ಊರಾಚೆ ಇದ್ದ ನಮ್ಮ ದಲಿತರ ಕೇರಿಗೆ ಸರ್ಕಾರ ಸಾಲುಮನೆ ಕಟ್ಟಿಸಿಕೊಟ್ಟು, ಒಂದು ಇಂಗ್ಲಿಷ್ ಹೆಸರನ್ನೂ ಕೊಟ್ಟಿತು. ಹೆಸರು ಹೊಸದು, ನೋಡುವ ಕಣ್ಣು ಹಳೆಯದು. ನಾಲ್ಕು ದಿನಕ್ಕೆ ಆ ಪದಕ್ಕೂ ಮೈಲಿಗೆ ಅಂಟಿತು. ‘ಕಾಲೋನಿಯವರು’ ಅಂದರೆ ಸಾಕು, ಹೋಟೆಲಿನಲ್ಲಿ ಲೋಟ ಬೇರೆಯಾಗುತ್ತಿತ್ತು. ಆ ಗುರುತು ಬದಲಾಯಿಸು, ಇನ್ನೂ ನಾಲ್ಕು ಕೆಲಸ ಸಿಗುತ್ತದೆ ಎಂದು ನಮ್ಮವರೇ ಮಾಮನಿಗೆ ಎಷ್ಟೋ ಸಲ ಹೇಳಿದ್ದರು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ತೆಗೆದುಕೊಂಡಿದ್ದೆ. ಒಂದು ದಿನ ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ ಈ ಪದದ ಜಾತಕ ನೋಡಿಕೊಂಡು ಬಂದು, ಜಗಲಿ ಮೇಲೆ ಬಣ್ಣ ಕಲಸುತ್ತಿದ್ದ ಮಾಮನಿಗೆ ಒಪ್ಪಿಸಿದೆ. ರೋಮಿನವರ ಕಾಲದಲ್ಲಿ ಹೊಲ ಉಳುವವನ ಹೆಸರಿನಿಂದ ಹುಟ್ಟಿದ ಪದವಂತೆ. ಉಳುವವರು ಹೋಗಿ ನೆಲೆಸಿದ ಜಾಗ ಅಂತ ಅರ್ಥ. ಆಮೇಲೆ ಬ್ರಿಟಿಷರು ಕಂಡವರ ದೇಶವನ್ನೆಲ್ಲ ಬಾಚಿಕೊಂಡು ಅದಕ್ಕೇ ಕಾಲೋನಿ ಅಂದರು. ಅವರು ಹೋದರೂ ಪದ ಹೋಗಲಿಲ್ಲ. ಪೇಟೆಗಳಲ್ಲಿ ಸಾಹುಕಾರರ ಬಂಗಲೆ ಬೀದಿಗೆ ಸೇರಿಕೊಂಡಿತು, ಹಳ್ಳಿಗಳಲ್ಲಿ ನಮ್ಮ ಕೇರಿಗೆ.

ಮಾಮ ಕಲಸುವುದನ್ನು ನಿಲ್ಲಿಸಿದ. “ಉಳೋರ ಪದಾನಾ? ಹಂಗಾದ್ರೆ ನಮ್ದೇ ಕಣಮ್ಮ. ಈ ಊರೋರ ಹೊಲ ಉತ್ತೋರು ಇನ್ಯಾರು?” ಅಂದ. ಆಮೇಲೆ ತುಂಬ ದಿನ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ಓಡಾಡಿದ.

ಅಷ್ಟರಲ್ಲಿ ಫ್ಲೆಕ್ಸ್ ಬಂತು. ಬೋರ್ಡ್ ಬರೆಸುವವರು ಕಡಿಮೆಯಾದರು, ಮಾಮನ ಕುಂಚಗಳು ಒಣಗತೊಡಗಿದವು. ಆಗಲೇ ಚಿಕ್ಕಬಳ್ಳಾಪುರದಲ್ಲಿ ಸೈಟು ಮಾರುವವರೊಬ್ಬರು ತಮ್ಮ ಹೊಸ ಬಡಾವಣೆಯ ಕಮಾನು ಬರೆಯಲು ಅವನನ್ನು ಕರೆದರು. ಕಮಾನು ಚೆನ್ನಾಗಿ ಬಂದರೆ ಅಲ್ಲಿ ಏಳುವ ಎಲ್ಲ ಮನೆಗಳ ಹೆಸರೂ ಅವನೇ ಬರೆಯಬಹುದಿತ್ತು. ಅದೊಂದು ಸಿಕ್ಕಿದ್ದರೆ ಕೈ ಆಡುವವರೆಗೂ ಕಸುಬು ಬಿಡಬೇಕಾಗಿರಲಿಲ್ಲ. ಬಡಾವಣೆಯ ಹೆಸರು ‘ಆಫೀಸರ್ಸ್ ಕಾಲೋನಿ’. ಮಾಮನ ಖುಷಿ ಕೇಳಬೇಕೆ!

ಕೆಲಸ ಮುಗಿಯುವ ದಿನ ಸಂಜೆ ಕಾಲೇಜು ಬಿಟ್ಟು ಅಲ್ಲಿಗೇ ಹೋದೆ, ಅವನ ಮೊಪೆಡ್ಡಿನಲ್ಲಿ ಊರಿಗೆ ಬರೋಣ ಅಂತ. ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು, ನೋಡಿದರೆ ದೃಷ್ಟಿ ತಾಗುವ ಹಾಗಿತ್ತು. ಮಾಮ ಆಗತಾನೇ ಮೂಲೆಯಲ್ಲಿ ತನ್ನ ಗುರುತು ಹಾಕಿ ಇಳಿದಿದ್ದ. ಬಡಾವಣೆಯ ಯಜಮಾನರು ಬಂದು ತಲೆಯೆತ್ತಿ ನೋಡಿದರು.

“ಏಮಯ್ಯಾ, ಮೂಲೇಲಿ ಅದೇನದು ಕಾಲೋನಿ? ಅಳಿಸಿಬಿಡು. ಸೈಟ್ ತಗೊಳ್ಳೋರು ತಪ್ಪು ತಿಳ್ಕೋತಾರೆ.”

“ಮೇಲೂ ಅದೇ ಐತಲ್ಲ ಸಾರ್?”

“ಮೇಲಿಂದು ಬೇರೆ, ಕೆಳಗಿಂದು ಬೇರೆ ಕಣಯ್ಯ. ನಿಂಗೊತ್ತಿಲ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಮಾಮ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಏಣಿ ಹತ್ತಿದ. ಅಯ್ಯೋ, ಅಳಿಸಿಯೇಬಿಡುತ್ತಾನಲ್ಲ ಅಂತ ನಾನು ಮುಖ ತಿರುಗಿಸಬೇಕು, ಅಷ್ಟರಲ್ಲಿ ಅವನು ಮೂಲೆಯನ್ನು ದಾಟಿ ಮೇಲೆ ಹೋದ. ಇನ್ನೂ ಹಸಿಯಾಗಿದ್ದ ಆ ದೊಡ್ಡ ‘ಕಾಲೋನಿ’ಯನ್ನು ಗಸಗಸ ಒರೆಸಿ ತೆಗೆದ. ಕಮಾನಿನ ಮೇಲೆ ಬರೀ ‘ಆಫೀಸರ್ಸ್’ ಉಳಿಯಿತು. ಮೂಲೆಯಲ್ಲಿ ‘ಕಾಲೋನಿ ಆರ್ಟ್ಸ್’ ಹಾಗೇ ಇತ್ತು.

“ನಿಮ್ಗೆ ಬೇಡ ಅಂದ್ರಲ್ಲ ಸಾರ್, ನಿಮ್ದು ತೆಗ್ದಿದೀನಿ,” ಅಂದ ಇಳಿದು ಬಂದು. “ಕೆಳಗಿರೋದು ನಂದು. ಅದನ್ನ ನಾನು ಅಳಿಸಲ್ಲ.”

ಯಜಮಾನರು ಕೂಗಾಡುತ್ತಲೇ ಇದ್ದರು. ನಾವು ಮೊಪೆಡ್ ಹತ್ತಿ ಬಂದೆವು. ದಾರಿಯಲ್ಲಿ, “ಬೇಜಾರಿಲ್ವಾ ಮಾಮ?” ಅಂತ ಕೇಳಿದೆ. “ಬೇಜಾರು ಐತೆ. ತಪ್ಪು ಮಾಡ್ದೆ ಅಂತ ಮಾತ್ರ ಇಲ್ಲ,” ಅಂದ.

ಆಮೇಲೆ ಆ ಕಮಾನಿಗೆ ಸುಣ್ಣ ಬಳಿದು, ‘ಆಫೀಸರ್ಸ್ ಲೇಔಟ್’ ಎಂದು ಸ್ಟೀಲ್ ಅಕ್ಷರ ಕೂರಿಸಿದರು. ಮಾಮನಿಗೆ ಅಲ್ಲಿ ಒಂದು ಮನೆಯ ಹೆಸರೂ ಸಿಗಲಿಲ್ಲ. ಕೊನೆಕೊನೆಗೆ ರೇಷ್ಮೆ ಸಾಕುವವರ ಹುಳುಮನೆಗಳಿಗೆ ಸುಣ್ಣ ಹೊಡೆಯಲು ಹೋಗುತ್ತಿದ್ದ. ಅವನು ತೀರಿಕೊಂಡಾಗ ನಾನು ಗೌರಿಬಿದನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಈಚೆಗೆ ಶಿಡ್ಲಘಟ್ಟದ ಪೇಟೆಯಲ್ಲಿ ಅವನ ಒಂದಾದರೂ ಬೋರ್ಡು ಸಿಗಬಹುದೇನೋ ಎಂದು ಹುಡುಕಿದೆ. ಎಲ್ಲ ಕಡೆ ಹಲ್ಲು ಕಿರಿಯುವ ಫ್ಲೆಕ್ಸುಗಳು. ಅಷ್ಟು ಚಂದದ ಕೈ, ಗುರುತಿಗೂ ಉಳಿಯಲಿಲ್ಲವಲ್ಲ ಎಂದು ರಸ್ತೆಯಲ್ಲೇ ಕಣ್ಣು ತುಂಬಿತು...

ನಾನೀಗ ಮನೆ ಕಟ್ಟಿರುವುದು ಅದೇ ಲೇಔಟಿನಲ್ಲಿ. ಬೇಕೆಂದೇ ಇಲ್ಲಿ ಸೈಟು ಹುಡುಕಿದೆ. ಮೊನ್ನೆ ಬಣ್ಣದವನು ಗೇಟಿನ ಮೇಲೆ ನನ್ನ ಹೆಸರು ಬರೆದು ಮುಗಿಸಿದ ಮೇಲೆ ಅವನ ಕೈಯಿಂದ ಕುಂಚ ಈಸಿಕೊಂಡು, ಬಲಗಡೆಯ ಕೆಳಮೂಲೆಯಲ್ಲಿ ನಾನೇ ಬರೆದೆ: ಕಾಲೋನಿ ಆರ್ಟ್ಸ್. ‘ನಿ’ಯ ಗುಡಿಸು ಸೊಟ್ಟಗಾಯಿತು. ಮಾಮ ಇದ್ದಿದ್ದರೆ ಬೈದು, ಒರೆಸಿ, ಮತ್ತೆ ಬರೆಸುತ್ತಿದ್ದ.

ವಾಕಿಂಗ್ ಹೊರಟಿದ್ದ ಎದುರು ಮನೆಯವರು ನಿಂತು ಓದಿದರು. “ಅದೊಂದು ಬೇಡವಾಗಿತ್ತೇನೋ ಮೇಡಂ,” ಅಂದರು ಮೆಲ್ಲಗೆ. “ನೋಡ್ದೋರು ಏನಾದ್ರೂ ತಿಳ್ಕೋತಾರೆ.”

“ತಿಳ್ಕೊಳ್ಳಲಿ ಅಂತಾನೇ ಬರೆದಿದ್ದು ಸಾರ್,” ಅಂದೆ.