ಬೋರ್ಡು ಓದುತ್ತಿದ್ದವನು

ಇಷ್ಟು ವರ್ಷ ಕನ್ನಡಕದ ಅಂಗಡಿ ನಡೆಸಿದವಳಿಗೆ ಹಳೆಯ ಪರಿಚಯದವರು ಸಿಕ್ಕರೆ ಅನುಮಾನ ಮೊದಲು, ಸಂತೋಷ ಆಮೇಲೆ. "ನಿನ್ನ ನೋಡಿ ಎಷ್ಟು ಕಾಲ ಆಯ್ತೇ" ಎಂದು ಶುರು ಮಾಡುವವರು "ನಮ್ಮತ್ತೆಗೊಂದು ಕನ್ನಡಕ ಆಗ್ಬೇಕಿತ್ತು, ನಮ್ಮೋರು ಅಂತ ನೋಡಿ ಮಾಡ್ಕೊಡು" ಎಂದೇ ಮುಗಿಸುತ್ತಾರೆ. ಆ ಮಧ್ಯಾಹ್ನ ಹೊಳೆಯಾಚೆಯ ತಂಗಿಯ ಮನೆಗೆ ಹೊರಟು ಲಾಂಚ್ ಹತ್ತಿದ್ದೆ. ಸೀಟಿನ ಮೇಲೆ ಚೀಲ ಇಟ್ಟುಕೊಂಡಿದ್ದವನನ್ನು ಗದರುತ್ತಿದ್ದಾಗ ಮೇಲಿನ ಚಾಲಕನ ಕೋಣೆಯಿಂದ, "ಏ ಜಗಳಗಂಟಿ, ನೀನೇನಾ?" ಎಂಬ ಕೂಗು ಕೇಳಿಸಿತು. ಇವನಿಗೇನು ಬೇಕಾಗಿದೆಯಪ್ಪಾ ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಅವನು ಬೋರ್ಡು. ಕಾಲೇಜಿನಲ್ಲಿ ನಾವಿಟ್ಟ ಹೆಸರು ಅದು. ಆಗ ನನಗೆ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದರು, ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ನನಗೂ ನಾಚಿಕೆ. ಹಾಗಾಗಿ, "ಮೇಷ್ಟ್ರು ಅಲ್ಲೇನೋ ತಪ್ಪು ಬರ್ದಿದ್ದಾರೆ ಅಲ್ವಾ?" ಎನ್ನುತ್ತಿದ್ದೆ. ಹಿಂದಿನ ಬೆಂಚಿನ ಅವನು "ಎಲ್ಲಿ?" ಎನ್ನುತ್ತಾ ಬೋರ್ಡನ್ನು ಮೇಲಿಂದ ಕೆಳಗೆ ಓದುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಅವನಿಗೆ ನನ್ನ ಉಪಾಯ ಯಾವತ್ತೋ ಗೊತ್ತಾಗಿತ್ತು. ಮೇಷ್ಟ್ರಿಗೆ ಹೇಳಿಬಿಡು ಎಂದು ಅವನು ಗಂಟುಬಿದ್ದಾಗಲೆಲ್ಲ ಮುಂದಿನ ತಿಂಗಳು ಎಂದು ತಳ್ಳುತ್ತಿದ್ದೆ. ಒಂದು ದಿನ ಇಡೀ ಕ್ಲಾಸಿನೆದುರು ಎದ್ದು ನಿಂತು, "ಸರ್, ಇವಳಿಗೆ ಬೋರ್ಡು ಕಾಣಲ್ಲ" ಎಂದುಬಿಟ್ಟ. ಮೇಷ್ಟ್ರು ಅಪ್ಪನನ್ನು ಕರೆಸಿದರು, ಮರುವಾರವೇ ಕನ್ನಡಕ ಬಂತು. ನಾನು ಮಾತ್ರ ಕಾಲೇಜು ಮುಗಿಯುವವರೆಗೂ ಅವನೊಂದಿಗೆ ಮಾತು ಬಿಟ್ಟೆ. ಅವನು ತನ್ನ ಅಪ್ಪನ ಹಿಂದೆಯೇ ಲಾಂಚ್ ಕೆಲಸಕ್ಕೆ ಸೇರಿಕೊಂಡ ಎಂದು ಆಮೇಲೆ ಯಾರೋ ಹೇಳಿದ್ದರು.

ಹೊರಗಿನವರು ಬರಬಾರದು ಎಂದು ಚಾಲಕನ ಕೋಣೆಯ ಬಾಗಿಲ ಮೇಲೆಯೇ ಬರೆದಿತ್ತು. ಆದರೂ ಅವನು ಪಕ್ಕದ ಸ್ಟೂಲು ತಟ್ಟಿ ಕೂರಿಸಿಕೊಂಡ. "ನೀನು ಒಂಚೂರೂ ಬದಲಾಗಿಲ್ಲ ಕಣೇ" ಎಂದ. ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ಮೈ ಆಗಿನದಕ್ಕಿಂತ ದುಪ್ಪಟ್ಟಾಗಿದೆ. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ? ಸಾಲದ್ದಕ್ಕೆ ಅವನು ನನ್ನ ಮುಖ ನೋಡುತ್ತಲೇ ಇರಲಿಲ್ಲ, ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದ. ಮುಖ ಕೊಟ್ಟು ಮಾತಾಡದವರನ್ನು ನಾನು ನಂಬುವವಳಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದೇನೆ ಎಂದಾಗಲಂತೂ ಅವನ ನಗು ಅರ್ಧಕ್ಕೇ ನಿಂತಿತು. ಪುಕ್ಕಟೆ ಕನ್ನಡಕ ಬೇಕಿದ್ದವನು ಹಿಗ್ಗಬೇಕಿತ್ತಲ್ಲ, ಇವನು ಯಾಕೆ ಸಪ್ಪಗಾದ?

ಲಾಂಚ್ ಹೊರಟಿತು. "ದಾರಿ ತೋರ್ಸೋಕೆ ಬಿಟ್ಟಿರೋ ಆ ಕೆಂಪು ಡ್ರಮ್ಮಿಗೆ ಹೊಸ ಬಣ್ಣ ಬಳಿದಿದ್ದಾರೆ ಅಲ್ವಾ?" ಎಂದ.

"ಬಂಡೆ ಪಕ್ಕದ್ದಾ? ಅದು ಹಳೇ ಬಣ್ಣವೇ" ಎಂದೆ. ಅವನು ಚುಕ್ಕಾಣಿಯ ಚಕ್ರವನ್ನು ಸ್ವಲ್ಪ ತಿರುಗಿಸಿದ.

ತಂಗಿಯ ಮಕ್ಕಳನ್ನು ವಿಚಾರಿಸಿದ, ನಡುವೆಯೇ "ಮುಂದೆ ಯಾರೋ ಬಲೆ ಬಿಟ್ಟಿದ್ದಾರೆ ಅಲ್ವಾ?" ಎಂದ. ಇಲ್ಲ ಎಂದೆ, ಚಕ್ರ ಅಲ್ಲಾಡಲಿಲ್ಲ. ಮತ್ತೊಂದು 'ಅಲ್ವಾ' ಬಂದಾಗ ನನಗೆ ಹೊಳೆಯಿತು. ಆ ಉಪಾಯ ನನ್ನದು. ನಾನು ಉತ್ತರ ಕೊಡಲಿಲ್ಲ.

ಎದುರಿಗೆ ಒಬ್ಬ ಮುದುಕನ ಪುಟ್ಟ ದೋಣಿ ಅಡ್ಡ ಬರುತ್ತಿತ್ತು. ಈಗ ತಿರುಗಿಸುತ್ತಾನೆ, ಈಗ ತಿರುಗಿಸುತ್ತಾನೆ ಎಂದು ನೋಡಿದೆ. ಅವನು ನೆಟ್ಟಗೆ ಹೋಗುತ್ತಲೇ ಇದ್ದ.

"ಎದುರಿಗೆ ದೋಣಿ ಕಣೋ, ಎಡಕ್ಕೆ ತಗೋ!" ಎಂದು ಕಿರುಚಿದೆ.

ಲಾಂಚ್ ವಾಲಿತು, ಕೆಳಗೆ ಜನ ಬೈದರು. ಮುದುಕನ ದೋಣಿ ನಮ್ಮ ಅಲೆಗೆ ಹೊಯ್ದಾಡಿ, ಹೇಗೋ ನಿಂತಿತು.

"ಯಾವಾಗಿಂದ?" ಎಂದೆ.

"ಹೋದ ವರ್ಷದಿಂದ. ನಡುವೆ ಕಾಣಲ್ಲ, ಅಂಚಲ್ಲಿ ಕಾಣುತ್ತೆ. ಕನ್ನಡಕದಿಂದ ಆಗೋದಲ್ಲ ಅಂದ್ರು ಡಾಕ್ಟ್ರು. ದಾರಿ ಕೈಗೇ ಗೊತ್ತು ಬಿಡು."

"ಆ ಮುದುಕ ಗೊತ್ತಿದ್ನಾ ನಿನ್ನ ಕೈಗೆ?"

ಅವನು ಚಕ್ರವನ್ನು ಮತ್ತೆ ನೇರ ಮಾಡಿದ. ಆಮೇಲೆ, "ದಿನಾ ಯಾರನ್ನಾದ್ರೂ ಪಕ್ಕ ಕೂರಿಸ್ಕೋತೀನಿ. ಇವತ್ತು ನಿನ್ನ ಗಂಟಲು ಕೇಳಿ ಜೀವ ಬಂದಂಗಾಯ್ತು. ಮನೆಯವಳು ಹೋದ್ಮೇಲೆ ನಂಗಿರೋದು ಇದೊಂದೇ. ಇಳಿಸ್ಬಿಟ್ರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ? ಯಾರಿಗೂ ಹೇಳ್ಬೇಡ ಕಣೇ" ಎಂದ.

ದಡ ಮುಟ್ಟುವವರೆಗೂ ಕಂಡದ್ದನ್ನೆಲ್ಲ ನಾನು ಓದಿ ಹೇಳಿದೆ, ಅವನು ಚಕ್ರ ತಿರುಗಿಸಿದ. ಕಂಬ, ಹಗ್ಗ, ಮೆಟ್ಟಿಲು. ಕಟ್ಟೆಯ ಮೇಲೆ ವಾಪಸು ಹೋಗಲು ಜನ ಸಾಲುಗಟ್ಟಿ ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಮಗುವಿತ್ತು.

"ಈ ಟ್ರಿಪ್ ಒಂದು ನನ್ ಜೊತೆ ಬಾ. ನಾಳೆ ನಾನೇ ಹೇಳ್ತೀನಿ" ಎಂದು ಪಿಸುಗುಟ್ಟಿದ.

ಮುಂದಿನ ತಿಂಗಳು ನಾನೇ ಹೇಳ್ತೀನಿ ಎಂದು ನಾನೂ ಕಾಲೇಜಿನಲ್ಲಿ ಅವನಿಗೆ ಎಷ್ಟು ಸಲ ಹೇಳಿದ್ದೆನೋ. ಇಳಿದವಳೇ ಟಿಕೆಟ್ ಕೋಣೆಯ ಮುಂದಿದ್ದ ಮ್ಯಾನೇಜರ್ ಹತ್ತಿರ ಹೋಗಿ, ಅಷ್ಟೂ ಜನರೆದುರು ಅವನತ್ತ ಕೈ ತೋರಿಸಿ, "ಸರ್, ಇವರಿಗೆ ಕಣ್ಣು ಕಾಣಲ್ಲ. ಲಾಂಚನ್ನ ಬೇರೆಯವರಿಗೆ ಕೊಡಿ" ಎಂದೆ. ಸಾಲಿನಲ್ಲಿ ಗುಜುಗುಜು ಎದ್ದಿತು. ಮ್ಯಾನೇಜರ್ ಅವನನ್ನು ಕರೆದು ಏನೋ ಕೇಳಿದರು. ಅವನು ಇಲ್ಲ ಎನ್ನಲಿಲ್ಲ, ಜೇಬಿನಿಂದ ಲಾಂಚಿನ ಕೀಲಿಕೈ ತೆಗೆದು ಕೊಟ್ಟ.

ಆಮೇಲೆ ಕಟ್ಟೆಯ ಬೆಂಚಿನ ಮೇಲೆ ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ. ಬೇರೆ ಯಾರೋ ನಡೆಸುತ್ತಿದ್ದ ಲಾಂಚ್ ದೂರವಾಗುವ ಸದ್ದನ್ನು ಅವನು ತಲೆ ಓರೆ ಮಾಡಿ ಕೇಳುತ್ತಿದ್ದ.

"ಆಗ ನೀನು ಎಷ್ಟು ದಿನ ಮಾತು ಬಿಟ್ಟಿದ್ದೆ?" ಎಂದ, ನನ್ನ ಕಿವಿಯತ್ತ ತಿರುಗಿ.

"ಕಾಲೇಜು ಮುಗಿಯೋ ತನಕ."

"ಅಷ್ಟೊಂದು ನನ್ ಕೈಲಾಗಲ್ಲ. ನಾಳೆ ಬೆಳಗ್ಗೆ ತನಕ ಮಾತು ಬಿಡ್ತೀನಿ. ಆಮೇಲೆ ಬಂದು ಎಲ್ಲಿಗಾದ್ರೂ ಕರ್ಕೊಂಡು ಹೋಗು."